ಮೂತಿ ಒಂದು ಬೆರಳು ಕೆಳಗೆ

ಆ ಗಾಡಿಯ ಬಣ್ಣ ಆಗ ಹಸಿರು ಇತ್ತು ಎಂದು ನನ್ನ ನೆನಪು. ಅಮ್ಮ ಕೆಂಪು ಎನ್ನುತ್ತಾಳೆ. ಮಾವನನ್ನು ಕೇಳಿದರೆ "ತುಕ್ಕಿನ್ ಬಣ್ಣ" ಎಂದು ನಕ್ಕುಬಿಡುತ್ತಾರೆ. ನನ್ನ ಫೋನಿನಲ್ಲಿ ಅದರ ಒಂದು ಫೋಟೋ ಇದೆ. ಸಂಜೆ ಸೂರ್ಯನಿಗೆ ಎದುರಾಗಿ ತೆಗೆದದ್ದರಿಂದ ಗಾಡಿ, ಮಾವ, ಹಿಂದೆ ನಿಂತ ಒಂದು ಬೆಳ್ಳಕ್ಕಿ ಎಲ್ಲವೂ ಕಪ್ಪಾಗಿ ಬಂದಿವೆ.

ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ನಡೆದು ಬಹಳ ಕಾಲವೇನೂ ಆಗಿಲ್ಲ. ನಾನು ದಿನಚರಿ ಬರೆಯುವವಳು ಬೇರೆ. ಆದರೆ ಆ ವಾರದ ಪುಟಗಳನ್ನು ತೆಗೆದರೆ ಬರೀ ಸೆಖೆಯ ಬಗ್ಗೆ ಬರೆದುಕೊಂಡಿದ್ದೇನೆ. ಗಾಡಿಯ ಮಾತೇ ಇಲ್ಲ. ಮುಂದೆ ಯಾವುದನ್ನು ಹುಡುಕಿಕೊಂಡು ಬರುತ್ತೇನೆ ಎಂಬುದು ಆಗ ದಿನಚರಿ ಬರೆಯಲು ಕೂತಾಗ ನನಗೆ ಗೊತ್ತಾಗಿದ್ದರೆ ಈ ಅನುಮಾನಗಳು ಇರುತ್ತಿರಲಿಲ್ಲ.

ಅದು ಮೇಲೆ ಕೂತು ಓಡಿಸುವ, ಹುಲ್ಲು ಕತ್ತರಿಸುವ ಗಾಡಿ. ಉಪ್ಪುಂದದ ಹತ್ತಿರ ಕಡಲಿಗೆ ತಾಗಿಕೊಂಡು ಒಂದು ರೆಸಾರ್ಟ್ ಆಗಿದೆ. ಅದರ ಎದುರಿಗೆ ಮದುವೆ, ಮೆಹೆಂದಿಗಳಿಗೆಂದು ದೊಡ್ಡದೊಂದು ಲಾನ್. ಮಾಲೀಕರು ಮುಂಬಯಿಯಲ್ಲಿ ಹೋಟೆಲು ನಡೆಸುವವರು. ಅಲ್ಲಿಯ ಯಾವುದೋ ಕ್ಲಬ್ಬಿನವರು ಬೇಡವೆಂದ ಗಾಡಿಯನ್ನು ಲಾರಿಗೆ ಹಾಕಿ ಕಳಿಸಿದ್ದರು. ಅದನ್ನು ಓಡಿಸುವ ಕೆಲಸ ನನ್ನ ಸೋದರಮಾವನಿಗೆ ಸಿಕ್ಕಿತು.

ಮಾವ ಅಮ್ಮನ ತಮ್ಮ, ನಮ್ಮ ಜೊತೆಗೇ ಇರುವವರು. ಎಳೆಯ ಪ್ರಾಯದಿಂದ ದೋಣಿಯಲ್ಲಿದ್ದವರು. ಒಮ್ಮೆ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ, ದೋಣಿ ಮಗುಚಿತು. ಜೊತೆಗಿದ್ದವರೆಲ್ಲ ಈಜಿ ದಡ ಸೇರಿದರು. ಮಾವನ ಬಲಗಾಲು ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಆಮೇಲೆ ಆ ಮಂಡಿ ಸರಿಯಾಗಿ ಮಡಚಲಿಲ್ಲ, ಅವರು ಕಡಲಿಗೆ ಹೋಗಲಿಲ್ಲ. ಇಷ್ಟೂ ಅಮ್ಮ ಹೇಳಿದ್ದು. ಮಾವ ಆ ಕತೆಯನ್ನು ತಾವಾಗಿ ಒಮ್ಮೆಯೂ ಹೇಳಿದವರಲ್ಲ. ಅಮ್ಮ ಶುರು ಮಾಡಿದರೆ ಬೀಡಿ ಹುಡುಕಿಕೊಂಡು ಅಂಗಳಕ್ಕೆ ಹೋಗಿಬಿಡುತ್ತಾರೆ.

ವರ್ಷಗಟ್ಟಲೆ ಅವರು ಜಗಲಿಯಲ್ಲಿ ಕೂತು ಬೇರೆಯವರ ಬಲೆ ಹೆಣೆದುಕೊಟ್ಟರು. ಗಾಡಿ ಬಂದ ಮೇಲೆ ಬೆಳಗಾಗುವ ಮೊದಲೇ ಅಂಗಿ ಹಾಕಿಕೊಂಡು ತಯಾರಾಗತೊಡಗಿದರು. ಪೆಡಲು ಎಡಗಾಲಿಗಿತ್ತು, ಗೇರು ಕೈಯಲ್ಲಿತ್ತು. ಬಲಗಾಲನ್ನು ಸುಮ್ಮನೆ ಮುಂದಕ್ಕೆ ಚಾಚಿಕೊಂಡಿದ್ದರೆ ಆಯಿತು. ಅವರಿಗೆಂದೇ ಮಾಡಿಸಿದ ಹಾಗಿತ್ತು.

"ಊರಲ್ಲೆಲ್ಲ ಹುಲ್ಲ್ ಬಗ್ಗಿ ಕೊಯ್ತ್ರ್. ನಮ್ಮನಿ ರಾಜ ಕೂಕಂಡ್ ಕೊಯ್ತ," ಎಂದು ಅಮ್ಮ ಅಣಕಿಸುತ್ತಿದ್ದಳು.

"ಹಿಂದ್ ಕೂಕೊ ಬಾ ಅಕ್ಕ. ನಿನ್ನನ್ನೂ ರಾಣಿ ಮಾಡ್ತೆ."

ನಾನು ಕುಂದಾಪುರದ ಕಾಲೇಜಿನಿಂದ ಮರಳುವಾಗ ಕಾರು ನಿಲ್ಲಿಸಿ ನೋಡುತ್ತಿದ್ದೆ. ದೂರದಿಂದ ಚಕ್ರಗಳು ಕಾಣುತ್ತಿರಲಿಲ್ಲ. ಬಿಸಿಲಿನ ಝಳದಲ್ಲಿ ಹುಲ್ಲಿನ ಮೇಲಿನ ಗಾಳಿ ಅಲುಗುತ್ತಿತ್ತು. ಆ ಅಲುಗಾಟದ ಮೇಲೆ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಎಲ್ಲಿಗೂ ಅವಸರವಿಲ್ಲದವರಂತೆ ಸರಿದುಹೋಗುತ್ತಿದ್ದರು. ಹಿಂದೆ ಬೆಳ್ಳಕ್ಕಿಗಳು, ದೋಣಿಯ ಹಿಂದೆ ಹಕ್ಕಿ ಬರುವ ಹಾಗೆಯೇ, ಎದ್ದ ಹುಳಗಳಿಗಾಗಿ ಇಳಿಯುತ್ತ ಏಳುತ್ತ ಬರುತ್ತಿದ್ದವು. ಇಂಜಿನ್ನಿನ ಸದ್ದು ಕಡಲಿನ ಸದ್ದಿನೊಳಗೆ ಹೋಗಿ ಮತ್ತೆ ಹೊರಗೆ ಬರುತ್ತಿತ್ತು. ಎಷ್ಟೋ ಸಲ ನಾನು ಮನೆಗೆ ತಲುಪಿದ ಮೇಲೆ, ನಿಜವಾಗಿ ಅಲ್ಲಿ ನಿಂತು ನೋಡಿದೆನೋ, ಓಡಿಸುತ್ತಲೇ ಕಲ್ಪಿಸಿಕೊಂಡೆನೋ ಎಂದು ಅನುಮಾನವಾಗುತ್ತಿತ್ತು.

ಗಾಡಿಯ ಹೊಟ್ಟೆಯ ಕೆಳಗೆ, ಚಕ್ರಗಳ ನಡುವೆ, ಬೋರಲು ಹಾಕಿದ ದೊಡ್ಡ ಪರಾತದಂಥ ಕಬ್ಬಿಣದ ತಗಡೊಂದು ನೇತಾಡುತ್ತದೆ. ಅದಕ್ಕೆ ಡೆಕ್ ಎನ್ನುತ್ತಾರೆ. ಬ್ಲೇಡುಗಳು ಅದರೊಳಗೆ ತಿರುಗುತ್ತವೆ. ಕಡಲಿನ ಉಪ್ಪುಗಾಳಿ, ಒಳಗೆ ಮೆತ್ತಿಕೊಳ್ಳುವ ಒದ್ದೆ ಹುಲ್ಲು, ಎರಡೂ ಸೇರಿ ತಗಡನ್ನು ತಿನ್ನುತ್ತ ಬಂದಿದ್ದವು. ಮಾವ ತಮಗೆ ಗೊತ್ತಿದ್ದ ಮದ್ದು ಮಾಡಿದ್ದರು: ಹಿಂದೆ ದೋಣಿಯ ಮರಕ್ಕೆ ಬಳಿಯುತ್ತಿದ್ದ ಹಾಗೆ ಒಳಗೆಲ್ಲ ಮೀನೆಣ್ಣೆ ಬಳಿದರು. ಕತ್ತರಿಸಿದ ಹುಲ್ಲು ಎಣ್ಣೆಗೆ ಅಂಟಿ ಗಟ್ಟಿಯಾಯಿತು, ಬೀದಿನಾಯಿಗಳು ಗಾಡಿಯ ಹಿಂದೆ ಬಿದ್ದವು. ನನ್ನ ನೆನಪಿನಲ್ಲಿ ಅದೊಂದು ನಾಯಿಗಳ ಮೆರವಣಿಗೆ. ಇದ್ದದ್ದು ಬಹುಶಃ ಎರಡು.

ಒಂದು ಬೆಳಿಗ್ಗೆ ದೊಡ್ಡ ಸದ್ದಾಗಿ ಗಾಡಿ ನಿಂತಿತು. ಬ್ಲೇಡು ಕೂರುವ ಗೂಟದ ಬುಡದಲ್ಲಿ ತಗಡು ಹರಿದು, ಬ್ಲೇಡು ವಾಲಿ ಡೆಕ್ಕಿಗೇ ಬಡಿದಿತ್ತು. ರೆಸಾರ್ಟಿನ ಮ್ಯಾನೇಜರು ಬೈಂದೂರಿನ ಕಡೆಯ ಹುಡುಗಿ, ಕೆಟ್ಟವಳಲ್ಲ. ಹರಿದ ಜಾಗವನ್ನು ಬಗ್ಗಿ ನೋಡಿದಳು.

"ಅಣ್ಣ, ವಾರ ಕಳ್ದ್ರೆ ಮದಿ ಇತ್ತ್. ಅಷ್ಟರೊಳಗ್ ಲಾನ್ ಸಮ ಆಯ್ಕ್. ಇಲ್ದಿರೆ ಧಣಿಗಳ್ ಹೇಳಿರ್, ಈ ಗಾಡಿ ಗುಜರಿಗ್ ಹಾಕಿ ಹೆಗಲ್ ಮಿಷನಿನವ್ರನ್ನೇ ಖಾಯಂ ಮಾಡ್ಕಂಬ ಅಂತ."

ಹೆಗಲ ಮಿಷನ್ ಎಂದರೆ ಪಟ್ಟಿ ಕಟ್ಟಿ ಹೆಗಲಿಗೆ ನೇತುಹಾಕಿಕೊಂಡು, ಉದ್ದ ಕೋಲಿನ ತುದಿಯಲ್ಲಿ ಬ್ಲೇಡು ತಿರುಗಿಸುತ್ತ ನಡೆಯುವಂಥದ್ದು. ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯಲು ಎರಡು ಗಟ್ಟಿ ಕಾಲು ಬೇಕು. ಮಾವ ತಲೆಯಾಡಿಸಿದರು. ಆ ದಿನ ಮನೆಗೆ ಬಂದವರು ಜಗಲಿಯ ತಮ್ಮ ಹಳೆಯ ಜಾಗದಲ್ಲಿ ಕೂರಲಿಲ್ಲ. ನಿಂತೇ ಚಹಾ ಕುಡಿದರು.

ಡೆಕ್ಕನ್ನು ಬಿಚ್ಚಿ ಮೊದಲು ಬೈಂದೂರಿನ ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಅಲ್ಲಿಯವನು ಸುತ್ತಿಗೆಯ ತುದಿಯಿಂದ ಮೆಲ್ಲಗೆ ತಟ್ಟಿದ. ತಟ್ಟಿದಲ್ಲೆಲ್ಲ ಬೆಳಕು ಕಂಡಿತು.

"ಇದ್ರೊಳಗ್ ತಗಡ್ ಎಲ್ಲಿತ್ತ್ ಮಾರಾಯ್ರೆ? ಬರೀ ಬಣ್ಣ ಇತ್ತ್. ನಾ ವೆಲ್ಡಿಂಗ್ ಯಾವ್ದಕ್ಕೆ ಹಿಡ್ಸುದ್?"

ಆದರೂ ಒಂದು ಕಡೆ ಪ್ರಯತ್ನಿಸಿದ. ಕಿಡಿ ಬಿದ್ದಲ್ಲಿ ತೂತು ಇನ್ನೂ ದೊಡ್ಡದಾಯಿತು. ಮಾವ ಬಿಡಲಿಲ್ಲ. ಫೈಬರ್ ದೋಣಿಗೆ ತೇಪೆ ಹಾಕುವ ಬಟ್ಟೆ, ಅಂಟು ತಂದು ಹಿತ್ತಿಲಲ್ಲಿ ಕೂತು ತಾವೇ ಪದರ ಪದರವಾಗಿ ಮೆತ್ತಿದರು. ಅಚ್ಚುಕಟ್ಟಾದ ಕೆಲಸ. ದೋಣಿಯಾಗಿದ್ದರೆ ಇನ್ನಷ್ಟು ಕಾಲ ತೇಲುತ್ತಿತ್ತು. ಗಾಡಿಗೆ ಕಟ್ಟಿ ಬ್ಲೇಡು ತಿರುಗಿಸಿದಾಗ ಆ ನಡುಕಕ್ಕೆ ತೇಪೆ ಅಂಚಿನಿಂದ ಬಿಟ್ಟುಕೊಂಡು ಬಂತು. ಬೇರೆ ಡೆಕ್ಕೇ ಆಗಬೇಕು ಎಂಬುದು ಆಗ ಖಚಿತವಾಯಿತು.

ಬ್ರಹ್ಮಾವರದಲ್ಲಿ ಟಿಲ್ಲರು, ಹುಲ್ಲಿನ ಮಿಷನ್ನು ರಿಪೇರಿ ಮಾಡುವವರೊಬ್ಬರು ಇದ್ದಾರೆ ಎಂದು ವೆಲ್ಡಿಂಗಿನವನೇ ಹೇಳಿದ. ಭಾನುವಾರ ಇರಬೇಕು, ನನಗೆ ರಜೆ ಇತ್ತು. ನನ್ನ ಸಣ್ಣ ಕಾರಿನ ಹಿಂದಿನ ಸೀಟು ಮಡಚಿ, ಗೋಣಿ ಹಾಸಿ, ಹಳೆಯ ಡೆಕ್ಕನ್ನು ಮಲಗಿಸಿದೆವು. ಕೊಳೆತ ಹುಲ್ಲು, ತುಕ್ಕು, ಎಂದೋ ಬಳಿದ ಮೀನೆಣ್ಣೆ ಸೇರಿ ಕಾರಿನೊಳಗೆ ಹೆಸರಿಲ್ಲದ ಒಂದು ವಾಸನೆ. ಅದರಲ್ಲೇ ಮಾವ ನಿದ್ದೆ ಹೋದರು.

ಮರವಂತೆ ದಾಟುವಾಗ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ಎರಡರ ಹೊಳಪೂ ಗಾಜಿನ ಮೂಲಕ ಬಂದು ಅವರ ಮುಖದ ಮೇಲೆ ಹರಿದಾಡುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬಲಗೈ ಮಾತ್ರ ತೊಡೆಯ ಮೇಲೆ, ಹಿಡಿಯೊಂದನ್ನು ಹಿಡಿದ ಹಾಗೆ, ಮೆಲ್ಲಗೆ ಅತ್ತಿತ್ತ ತಿರುಗುತ್ತಿತ್ತು. ದೋಣಿಯ ಇಂಜಿನ್ನಿನ ಹಿಡಿಯೋ, ಗಾಡಿಯ ಗೇರೋ, ಹೇಳಲಾರೆ. ನಾನು ರಸ್ತೆ ನೋಡಬೇಕಿತ್ತು. ಇಷ್ಟು ಸ್ಪಷ್ಟವಾಗಿ ಕಂಡದ್ದು ಹೇಗೆ ಎಂದು ಈಗ ಯೋಚಿಸಿದರೆ, ಆ ಕೈಯನ್ನು ಆಮೇಲೆ ನಾನೇ ಅಲ್ಲಿ ಇಟ್ಟಿರಬಹುದೇ ಎನಿಸುತ್ತದೆ.

ಬ್ರಹ್ಮಾವರದ ಮೆಕ್ಯಾನಿಕ್ಕು ನಮ್ಮ ಡೆಕ್ಕನ್ನು ಇಳಿಸುವ ಮೊದಲೇ ಮೂಗು ಅರಳಿಸಿದರು.

"ಕಡಲ್ ಬದಿಯವ್ರಾ? ಮೀನೆಣ್ಣೆ ಹಾಕಿರಿ ಅಲ್ದಾ?"

"ಚೂರ್ ಹಾಕಿದ್ದೆ," ಎಂದರು ಮಾವ.

"ಚೂರಾ? ಉಪ್ಪು, ಖಾರ ಹಚ್ಚಿದ್ರೆ ಹುರಿಲಕ್ಕಿತ್ತ್."

ಷೆಡ್ಡಿನ ಹಿಂದೆ ಸತ್ತ ಮಿಷನ್ನುಗಳು ಸಾಲಾಗಿದ್ದವು. ಕೆಲವಕ್ಕೆ ಬಳ್ಳಿ ಹಬ್ಬಿ ಹೂ ಬಿಟ್ಟಿತ್ತು. ಒಂದು ಟಿಲ್ಲರಿನ ಹ್ಯಾಂಡಲಿನ ಮೇಲೆ ಬೆಕ್ಕು ಮಲಗಿತ್ತು. ಬಳ್ಳಿ ಸರಿಸಿ ಅವರು ನಮ್ಮದರಂಥದ್ದೇ ಗಾಡಿಯೊಂದನ್ನು ತೋರಿಸಿದರು. ಅದರ ಇಂಜಿನ್ನು ಹೋಗಿತ್ತು, ಡೆಕ್ ಗಟ್ಟಿಯಾಗಿತ್ತು. ಅಗಲ ಸರಿಹೊಂದುತ್ತಿತ್ತು, ನೇತುಹಾಕುವ ಕೊಂಡಿಗಳು ಮಾತ್ರ ಬೇರೆ ಆಕಾರದವು. ನಮ್ಮ ಹಳೆಯ ಡೆಕ್ಕಿನಲ್ಲಿ ತುಕ್ಕು ತಿನ್ನದೆ ಉಳಿದದ್ದೆಂದರೆ ಆ ದಪ್ಪ ಕೊಂಡಿಗಳೇ. ಅವನ್ನು ಕತ್ತರಿಸಿ ತೆಗೆದು ಈ ಡೆಕ್ಕಿಗೆ ಬೆಸೆದರು. ಹೊಸ ಬೆಲ್ಟು, ಮಸೆದ ಬ್ಲೇಡುಗಳನ್ನು ಹಾಕಿಕೊಟ್ಟರು. ಮಧ್ಯಾಹ್ನ ಅಲ್ಲೇ ಕಳೆಯಿತು.

ಹೊರಡುವಾಗ ಅವರು ಮಾವನಿಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಅಥವಾ ಆಮೇಲೆ ಆದದ್ದರಿಂದಾಗಿ ಚೆನ್ನಾಗಿ ನೆನಪಾಗಿದೆ.

"ಕಟ್ಟುವಾಗ ಡೆಕ್ಕಿನ್ ಮೂತಿ ಒಂದ್ ಬೆರಳ್ ಕೆಳಗಿರ್ಲಿ."

"ಮೇಲಾ?"

"ಕೆಳಗೆ ಮಾರಾಯ್ರೆ. ಮೂತಿ ಬದಿ ಹುಲ್ಲ್ ಕಡೀಕ್, ಬಾಲದ್ ಬದಿ ಕಡ್ದದ್ರ ಮೇಲೆ ಸುಮ್ನೆ ಹೋಯ್ಕ್. ಮೂತಿ ಎದ್ದಿತ್ತಾ, ಬಾಲ ಹುಲ್ಲನ್ನ ಜಜ್ಜುತ್ತ್. ಲಾನೆಲ್ಲ ಬೆಳ್ಳಗೆ ಕಾಣತ್ತ್."

ಮಾವ ಕಾರು ಹತ್ತಿದರು. ಕಾರು ಕುಂದಾಪುರ ದಾಟಿದ ಮೇಲೆ, ನಾನು ಕೇಳದೆಯೇ, "ಮೂತಿ ಕೆಳಗ್ ಅಂಬ್ರು," ಎಂದು ಒಂದು ಸಲ ನಕ್ಕರು.

ಮರುದಿನ ರೆಸಾರ್ಟಿನ ತೆಂಗಿನ ಮರಗಳ ನಡುವಿನ ಷೆಡ್ಡಿನಲ್ಲಿ ಡೆಕ್ ಕಟ್ಟಿದೆವು. ಮಾವನಿಗೆ ಮಂಡಿ ಮಡಚಿ ಕೆಳಗೆ ಹೋಗಲು ಆಗುವುದಿಲ್ಲ. ಹಾಗಾಗಿ ಗೋಣಿಯ ಮೇಲೆ ಅಂಗಾತ ಮಲಗಿದವಳು ನಾನು. ಅವರು ಮೇಲಿನಿಂದ ಹೇಳುತ್ತಿದ್ದರು, ನಾನು ಕೊಂಡಿಗೆ ಪಿನ್ನು ತೂರಿಸುತ್ತಿದ್ದೆ. ಫೋನಿನಲ್ಲಿ ಅಂಥದ್ದೇ ಗಾಡಿಯ ಕೈಪಿಡಿ ಹುಡುಕಿ ಓದಿ ಹೇಳಿದೆ. ಅದರಲ್ಲೂ ಮುಂದಿನ ಅಂಚು ಕೆಳಗಿರಬೇಕು ಎಂದೇ ಇತ್ತು.

"ಅದ್ ಬರ್ದವ ಅಳಿವೆ ದಾಟಿದ್ನಾ?" ಎಂದರು ಮಾವ.

"ಅವ್ನಿಗ್ ಎಂತಕ್ ಮಾವ ಅಳಿವೆ? ಹುಲ್ಲ್ ಕೊಯ್ಯುಕ್ ಬರ್ದದ್."

ಕೊನೆಗೆ ಮುಂದಿನ ನಟ್ಟನ್ನು ಸಡಿಲಿಸಿ, ನನ್ನ ಬೆರಳನ್ನೇ ಅಳತೆ ಇಟ್ಟು ಮೂತಿ ತಗ್ಗಿಸಿದೆ. ಮಾವ ತಡೆಯಲಿಲ್ಲ. ಅಮ್ಮ ಕಳಿಸಿದ ಅಬ್ಬಲಿಗೆ ಹೂವಿನ ದಂಡೆಯನ್ನು ಸ್ಟೇರಿಂಗಿಗೆ ಸುತ್ತಿ, ರಿಪೇರಿಯಾದ ದೋಣಿಯನ್ನು ನೀರಿಗಿಳಿಸುವಾಗ ಮಾಡುವಂತೆ ಮುಂದೆ ಕಾಯಿ ಒಡೆದರು. ಕಾಯಿನೀರು ಡೆಕ್ಕಿನ ಮೇಲೂ ಸಿಡಿಯಿತು. ನಾನು ಕೈ ತೊಳೆದುಕೊಂಡು ಕಾಲೇಜಿಗೆ ಹೋದೆ.

ಅದರ ಮರುದಿನ ಮಧ್ಯಾಹ್ನ ಲಾನಿನ ಬದಿಗೆ ಬಂದು ನಿಂತಾಗ, ಹುಲ್ಲಿನ ಮೇಲೆ ಇಬ್ಬನಿ ಕೂತಂಥ ಬಿಳಿ ಹೊಳಪು. ತುಂಬ ಚೆಂದವಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಇಬ್ಬನಿ ಎಲ್ಲಿಂದ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬಗ್ಗಿ ಮುಟ್ಟಿದೆ. ಒಂದೊಂದು ಗರಿಯ ತುದಿಯೂ ಕತ್ತರಿಸಿರಲಿಲ್ಲ, ಜಜ್ಜಿ ಎಳೆ ಎಳೆಯಾಗಿತ್ತು. ಷೆಡ್ಡಿಗೆ ಹೋಗಿ ನೋಡಿದರೆ ಡೆಕ್ಕಿನ ಮೂತಿ ಹಿಂಬದಿಗಿಂತ ಒಂದು ಬೆರಳು ಮೇಲೆ. ಹೂವಿನ ದಂಡೆ ಬಾಡಿ ಅಲ್ಲೇ ಇತ್ತು. ಮಾವನ ಅಂಗಿಯ ಬೆನ್ನಿಗೆ ಗೋಣಿಯ ನಾರು ಅಂಟಿತ್ತು.

"ಅದಾಗೇ ಎದ್ದಿರ್ಕ್," ಎಂದರು ಮಾವ.

"ನಟ್ಟ್ ಅದಾಗೇ ತಿರ್ಗುತ್ತಾ ಮಾವ?"

ಅವರು ಉತ್ತರಿಸುವ ಮೊದಲು ಮ್ಯಾನೇಜರು ಬಂದಳು. ಅವಳು ಆಗಲೇ ಲಾನ್ ನೋಡಿಯಾಗಿತ್ತು. ಹೆಗಲ ಮಿಷನಿನವರಿಗೆ ಫೋನು ಮಾಡಿದ್ದಳು. ಅವರು ಮಾರನೆಯ ಬೆಳಿಗ್ಗೆ ಬರುವವರಿದ್ದರು.

"ನಂಗೂ ಬೇಜಾರ್ ಇತ್ತ್ ಅಣ್ಣ," ಎಂದಳು. ಮಾವನ ಮುಖ ನೋಡದೆ ಹೇಳಿದಳು.

ಮನೆಗೆ ಬಂದು ಗಂಜಿಗೆ ಕೂತೆವು. ಅಮ್ಮನಿಗೆ ವಿಷಯ ನಾನೇ ಹೇಳಿದೆ. ಅವಳು ಬಂಗುಡೆಯ ತುಂಡನ್ನು ತಮ್ಮನ ತಟ್ಟೆಗೆ ಹಾಕುತ್ತ ಕೇಳಿದಳು, "ಎಂತಕ್ ಎತ್ತಿದ್ದ್ ನೀನ್?"

"ಮೂತಿ ತಗ್ಗಿರೆ ನೀರ್ ಒಳಗ್ ಬತ್ತ್ ಅಕ್ಕ."

"ಆ ಹುಲ್ಲಲ್ಲ್ ಎಲ್ಲಿತ್ತ್ ನೀರ್? ಅವ್ರ್ ಪೈಪಲ್ಲ್ ಬಿಟ್ಟದ್ದಾ?"

ಅಮ್ಮನ ಬಾಯಲ್ಲಿ ಇನ್ನೂ ಒಂದೆರಡು ಮಾತು ಇದ್ದವು ಎಂದು ಕಾಣುತ್ತದೆ. ತಮ್ಮನ ಮುಖ ನೋಡಿದವಳು ಗಂಜಿ ಬಡಿಸತೊಡಗಿದಳು.

"ನಂಗ್ ಗೊತ್ತಿತ್ತ್," ಎಂದರು ಮಾವ. "ಮೂತಿ ತಗ್ಗಿದ್ ಕಂಡ್ಕಂಡ್ ಅದ್ರ ಮೇಲೆ ಕೂಕಂಬುಕ್ ಆತಿಲ್ಲೆ."

ದೋಣಿಯವರಿಗೆ ಅದು ಲೆಕ್ಕ ಹಾಕಿ ತಿಳಿಯುವ ವಿಷಯವಲ್ಲ. ಅಲೆ ಬರುವಾಗ ಮೂತಿ ಎದ್ದಿರಬೇಕು. ಮೂತಿ ತಗ್ಗಿದ ದೋಣಿ ಅಲೆಯ ಅಡಿಗೆ ಹೋಗುತ್ತದೆ. ಇದು ನನಗೂ ಚಿಕ್ಕಂದಿನಿಂದ ಗೊತ್ತು. ಆದರೆ ನನಗೆ ಗೊತ್ತಿರುವುದು ಮಾತಿನಲ್ಲಿ ಮಾತ್ರ.

ಊಟವಾದ ಮೇಲೆ ಮಾವ ಮಲಗಲಿಲ್ಲ. "ಹೆಣ್ಣೆ, ಕಾರ್ ತೆಗಿ," ಎಂದರು.

ಷೆಡ್ಡಿನಲ್ಲಿ ಯಾರೂ ಇರಲಿಲ್ಲ. ತೆಂಗಿನ ಗರಿಗಳ ನೆರಳು ನೆಲವನ್ನು ನಿಧಾನವಾಗಿ ಬಾಚುತ್ತಿತ್ತು. ಮಾವ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು.

"ನೀ ತಗ್ಸ್. ನಾ ಆಚಿ ಕಾಂತೆ."

ಅವರು ಬಾಗಿಲ ಕಂಬಕ್ಕೆ ಒರಗಿ ಕಡಲಿನ ಕಡೆಗೆ ಮುಖ ಮಾಡಿ ನಿಂತರು. ನಾನು ಗೋಣಿಯ ಮೇಲೆ ಮಲಗಿ ನಟ್ಟು ತಿರುಗಿಸತೊಡಗಿದೆ. ಒಂದೊಂದು ಸುತ್ತಿಗೂ ಡೆಕ್ ಕಿರ್ ಎಂದು ಇಳಿಯುತ್ತಿತ್ತು. ಆ ಸದ್ದಿಗೆ ಅವರ ಭುಜ ಸಣ್ಣಗೆ ಅಲುಗುತ್ತಿತ್ತು, ಅಥವಾ ಅದು ಗರಿಯ ನೆರಳೇ ಇರಬಹುದು.

"ಆಯ್ತಾ?"

"ಇನ್ನ್ ಚೂರ್."

"ಎಷ್ಟ್ ತಗ್ಸುದ್ ಮಾರಾಯ್ತಿ. ಮುಳುಗ್ಸ್ತಿಯಾ ನನ್ನ?"

ನಗುತ್ತಲೇ ಹೇಳಿದರು. ತಿರುಗಿ ಮಾತ್ರ ನೋಡಲಿಲ್ಲ.

ಅಳತೆ ಸರಿಯಾದ ಮೇಲೆ ಅವರು ಗಾಡಿ ಹತ್ತಿ, ಬಾಡಿದ ದಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಇಂಜಿನ್ ಶುರು ಮಾಡಿದರು. ಲಾನಿನ ಅಂಚಿಗೆ ಬಂದವರು ಒಂದು ಕ್ಷಣ ನಿಂತರು. ಎರಡೂ ಕೈಯಿಂದ ಸ್ಟೇರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅಷ್ಟು ದೂರದಿಂದಲೂ ನನಗೆ ತಿಳಿಯಿತು. ಆಮೇಲೆ ಗಾಡಿ ಹುಲ್ಲಿಗೆ ಇಳಿಯಿತು.

ಆ ಸಂಜೆಯನ್ನು ಹೇಗೆ ಬರೆಯಲಿ. ಮೊದಲ ಸಾಲು ಕತ್ತರಿಸಿ ಅವರು ದೂರದ ತುದಿಗೆ ಹೋದರು, ತಿರುಗಿದರು, ಬಂದರು. ಬಿಳಿ ಹೊಳಪು ಅವರ ಹಿಂದೆ ಸಾಲು ಸಾಲಾಗಿ ಮಾಯವಾಗುತ್ತ ಬಂತು. ಅದರ ಜಾಗದಲ್ಲಿ ಬಾಚಿ ಎಣ್ಣೆ ಹಾಕಿದ ತಲೆಯಂಥ ಗಾಢ ಹಸಿರು. ಹೊಸ ಹುಲ್ಲಿನ ವಾಸನೆ, ಆಚೆ ದಡದಲ್ಲಿ ಒಣಗಲು ಹಾಕಿದ ಮೀನಿನ ವಾಸನೆ. ಬೆಳ್ಳಕ್ಕಿಗಳು ಎಲ್ಲಿಂದಲೋ ಬಂದವು. ಬೆಳಕು ಇಳಿದಂತೆ ಲಾನಿನ ಅಂಚು ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯದಾಯಿತು. ಗಾಡಿ ಮಾತ್ರ ಮುಖ ತಗ್ಗಿಸಿಕೊಂಡು ಅದೇ ನಿಧಾನದಲ್ಲಿ ಹೋಗಿ ಬರುತ್ತಿತ್ತು. ನಾನು ತೆಗೆದ ಫೋಟೋ ಆಗಿನದು.

ಮ್ಯಾನೇಜರು ಚಪ್ಪಲಿ ಕಳಚಿಟ್ಟು ಹುಲ್ಲಿನ ಮೇಲೆ ನಡೆದು ನೋಡಿದಳು. ಬಗ್ಗಿ ಅಂಗೈಯಿಂದ ಸವರಿದಳು. ಅಲ್ಲೇ ನಿಂತು ಫೋನು ಹಚ್ಚಿ, "ನಾಳಿ ನೀವ್ ಬಪ್ಪುದ್ ಬ್ಯಾಡ," ಎಂದಳು. ಮಾವ ಹತ್ತಿರ ಬಂದಾಗ ಇಂಜಿನ್ನಿನ ಸದ್ದಿನ ಮೇಲೆ ಕೂಗಿದಳು, "ಹ್ವಾಯ್ ಅಣ್ಣ, ಅಡ್ಡಿಲ್ಲೆ. ಗಾಡಿ ಇರ್ಲಿ, ನೀವೂ ಇರಿ."

ಮಾವ ಕೈ ಎತ್ತಿದರು, ಗಾಡಿ ನಿಲ್ಲಿಸಲಿಲ್ಲ.

ಕಡಲಿನ ಬದಿಯ ಕೊನೆಯ ಸಾಲಿಗೆ ಬಂದಾಗ ಮಾತ್ರ ಇಂಜಿನ್ ಆರಿಸಿದರು. ನಾನು ನೀರಿನ ಬಾಟಲಿ ಒಯ್ದು ಕೊಟ್ಟೆ. ಅಂಗಿ ಬೆನ್ನಿಗೆ ಅಂಟಿತ್ತು. ಆಗ ನಾನು ಒಂದು ಮಾತು ಕೇಳಿದೆ. ಮನೆಯಲ್ಲಿ ಇದುವರೆಗೆ ಯಾರೂ ಕೇಳದ್ದು. ಕೇಳಬೇಕೆಂದು ಹೋದದ್ದಲ್ಲ, ಬಾಯಿಗೆ ಬಂತು. ಮಾವ ನೀರು ಕುಡಿದರು. ಬಾಟಲಿಯ ಮುಚ್ಚಳ ಹಾಕಿದರು. ಗಾಡಿಯ ಮುಂದಿನ ಚಕ್ರವನ್ನು ನೋಡಿದರು, ಆಮೇಲೆ ಅಳಿವೆ ಇರುವ ದಿಕ್ಕನ್ನು ನೋಡಿದರು. ಅಲ್ಲಿಂದ ಅದು ಕಾಣುವುದಿಲ್ಲ. ಬಾಟಲಿ ನನಗೆ ಕೊಟ್ಟು ಕೀ ತಿರುಗಿಸಿದರು.

ಆ ಮದುವೆ ಮುಗಿಯಿತು, ಮತ್ತೆ ಕೆಲವು ಆದವು. ಮಾವ ಈಗಲೂ ಬೆಳಿಗ್ಗೆ ಅಂಗಿ ಹಾಕಿಕೊಂಡು ಹೊರಡುತ್ತಾರೆ. ಗಾಡಿಗೆ ರೆಸಾರ್ಟಿನವರು ನೀಲಿ ಬಣ್ಣ ಬಳಿಸಿದ್ದಾರೆ, ಹಳೆಯದು ಯಾವುದಿತ್ತೆಂದು ಈಗ ನೋಡಿ ಹೇಳಲಾಗದು. ಆಗಾಗ ನನ್ನನ್ನು ಷೆಡ್ಡಿಗೆ ಕರೆದು, "ಒಂದ್ಸಲ ಕಾಣ್, ಎದ್ದಿಲ್ಲೆ ಅಲ್ದಾ?" ಎಂದು ಕೇಳುತ್ತಾರೆ. ನಾನು ಬೆರಳಿಟ್ಟು ನೋಡಿ ಇಲ್ಲ ಎನ್ನುತ್ತೇನೆ. ಅಷ್ಟು ಹೊತ್ತೂ ಅವರು ಆಚೆ ನೋಡುತ್ತ ನಿಂತಿರುತ್ತಾರೆ. ನನ್ನ ಮಾತಿಗೆ ಉತ್ತರ ಮಾತ್ರ ಬಂದಿಲ್ಲ. ಎರಡನೆಯ ಸಲ ನಾನೂ ಕೇಳಿಲ್ಲ. ಈ ಬರಹದಲ್ಲಿ ಬೇರೆ ಏನು ತಪ್ಪಿದ್ದರೂ, ಕೇಳಿದ್ದು ಇದೇ ಮಾತು ಎಂಬುದು ನನಗೆ ಖಂಡಿತ.

"ಮಾವ, ಆವತ್ತ್ ಅಳಿವೆಯಲ್ಲ್ ದೋಣಿ ಮೂತಿ ತಗ್ಗುವಾಗ, ಇಂಜಿನ್ನಿನ್ ಹಿಡಿ ನಿಮ್ಮ್ ಕೈಯಲ್ಲ್ ಇದ್ದಿತ್ತಾ?"